ಭಾತಂಬ್ರಾ ರಸ್ತೆಯ ಡಾಂಬರೀಕರಣದ ವಿಷಯದಲ್ಲಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.

ವಿಷಯ: ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಗ್ರಾಮದ ಎರೆನೆಲದ ರಸ್ತೆಗೆ ಬುನಾದಿಯೂ ಚರಂಡಿಯೂ ಇಲ್ಲದೆ ಪುನಃ ಡಾಂಬರು ಹೊದಿಸದಂತೆ ಪ್ರಾರ್ಥನೆ.

ಮಾನ್ಯರೆ,

ಭಾತಂಬ್ರಾ ಗ್ರಾಮದ ರೈತರು, ವ್ಯಾಪಾರಸ್ಥರು, ಆಟೋ ಚಾಲಕರು ಮತ್ತು ಶಾಲಾ ಮಕ್ಕಳ ಪಾಲಕರಾದ ನಾವು ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ: ಕೋಟೆಯ ಊರೆಂದು ಹೆಸರಾದ ನಮ್ಮ ಗ್ರಾಮವನ್ನು ಬಿಟ್ಟೊಡನೆ ಬರುವ ತಗ್ಗಿನ ರಸ್ತೆಯ ಭಾಗವು ಮೃಗಶಿರಾ ಮಳೆಗೆ ಮುನ್ನ ಡಾಂಬರು ಕಂಡು, ಸೀಗಿ ಹುಣ್ಣಿಮೆಯ ಹೊತ್ತಿಗೆ ಖಡಿ ಕಂಡು, ಎಳ್ಳಮಾವಾಸ್ಯೆಯ ಚರಗಕ್ಕೆ ಬಂಡಿ ಹೂಡುವ ವೇಳೆಗೆ ರಸ್ತೆಯೆಂಬ ಹೆಸರನ್ನೇ ಕಳೆದುಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಈ ಕಷ್ಟವನ್ನು ನಾವು ಗ್ರಾಮಸಭೆಯಲ್ಲಿ ಹೇಳಿಕೊಂಡೆವು. ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ನಿವೇದಿಸಿಕೊಂಡೆವು. ದೊರೆತದ್ದು ಸ್ವೀಕೃತಿಯ ಮೊಹರು ಮಾತ್ರ. ಅಷ್ಟನ್ನೂ ಸಹಿಸಿಕೊಂಡಿದ್ದೆವು. ಆದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ನಮಗೆ ದೊರೆತ ಹೊಸ ಅಂದಾಜು ಪತ್ರಿಕೆಯಲ್ಲಿ ಇದೇ ಜಾಗಕ್ಕೆ ಮತ್ತೊಮ್ಮೆ 20 ಮಿಲಿಮೀಟರ್ ದಪ್ಪದ ಹೊದಿಕೆಯನ್ನಷ್ಟೇ ಸೂಚಿಸಿ, ಮಣ್ಣಿನ ಪರೀಕ್ಷೆಗಾಗಲಿ ಚರಂಡಿಗಾಗಲಿ ಒಂದು ರೂಪಾಯಿಯನ್ನೂ ಕಾಣಿಸದಿರುವುದನ್ನು ಓದಿದ ಮೇಲೆ ಸುಮ್ಮನಿರುವುದು ನಮ್ಮಿಂದಾಗದೆ ತಮ್ಮ ಸನ್ನಿಧಿಗೆ ಬಂದಿದ್ದೇವೆ.

ಡಾಂಬರಿನ ಮೇಲೆ ನಮಗೆ ದ್ವೇಷವಿಲ್ಲ. ಅದರ ಕೆಳಗಿರುವ ನೆಲವನ್ನು ಯಾರೂ ನೋಡಲೊಲ್ಲರೆಂಬುದೇ ನಮ್ಮ ದೂರು. ಬೀದರ ನಗರವು ಜಂಬಿಟ್ಟಿಗೆಯ ಗಟ್ಟಿ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಬಹಮನಿ ಅರಸರು ಕೋಟೆಯ ಕಂದಕವನ್ನು ಕೊರೆಸಿದ್ದೂ, ನೌಬಾದದ ಕರೇಜ್ ಸುರಂಗವನ್ನು ತೋಡಿಸಿದ್ದೂ ಆ ಕೆಂಪು ಕಲ್ಲಿನಲ್ಲಿಯೇ. ಆ ನೆಲದ ಮೇಲೆ ತೆಳುವಾದ ಹೊದಿಕೆಯೂ ಕೆಲವು ಕಾಲ ಬಾಳೀತು. ಭಾಲ್ಕಿ, ಔರಾದ ಸೀಮೆಯ ಎರೆಭೂಮಿಯ ಸ್ವಭಾವವೇ ಬೇರೆ. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ತನ್ನ ಮೇಲಿರುವ ಖಡಿಯನ್ನೂ ಡಾಂಬರನ್ನೂ ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಇದನ್ನು ಹೊಲ ಉಳುವ ಪ್ರತಿಯೊಬ್ಬ ಒಕ್ಕಲಿಗನೂ ಬಲ್ಲ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ತನ್ನ 37ನೆಯ ಸಂಹಿತೆಯಲ್ಲಿ ಉಬ್ಬುವ ಮಣ್ಣಿಗೆ ಪ್ರತ್ಯೇಕ ಉಪಾಯವನ್ನು ವಿಧಿಸಿರುವುದು ತಾವು ಅರಿತದ್ದೇ ಆಗಿದೆ. ಉಬ್ಬದ ಮಣ್ಣಿನ ತಡೆಪದರವೇನು, ಸುಣ್ಣ ಬೆರೆಸಿ ನೆಲವನ್ನು ಹದಗೊಳಿಸುವುದೇನು, ಅವನ್ನು ಬಲ್ಲವರ ಮುಂದೆ ನಾವು ವಿವರಿಸಬೇಕಾಗಿಲ್ಲ. ಹಾಳಾದ ಬುನಾದಿಯ ಮೇಲೆ ಹೊಸ ಡಾಂಬರನ್ನು ಬಳಿಯುವುದು ಕೊಳೆತ ಗಾಯದ ಮೇಲೆ ಹೊಸ ಬಟ್ಟೆ ಕಟ್ಟಿದಂತೆಯೇ ಸರಿ.

ನಾವು ಬರಿಯ ಮಾತಾಡುವವರೆಂಬ ಅಪವಾದ ಬಾರದಿರಲೆಂದು ಈ ಒಂದು ವಿಷಯಕ್ಕೆ ಸಂಬಂಧಿಸಿದ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಲಗತ್ತಿಸಿದ್ದೇವೆ. ಅಡಕ 1 ಹಳೆಯ ಅಂದಾಜು ಪತ್ರಿಕೆ. ಅಡಕ 2 ಹೊಸದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವರ್ಷವೊಂದನ್ನುಳಿದು ಬದಲಾದದ್ದೇನೆಂಬುದನ್ನು ತಾವೇ ನಿರ್ಣಯಿಸಬೇಕು. ಅಡಕ 3 ಅಳತೆ ಪುಸ್ತಕದ ದೃಢೀಕೃತ ನಕಲು. ಅದರಲ್ಲಿ ಪೂರ್ಣಗೊಂಡಿದೆಯೆಂದು ಬರೆದ ಪಕ್ಕಗಟ್ಟೆಯ ಮೊರಂ ಸ್ಥಳದಲ್ಲಿ ಎಲ್ಲಿಯೂ ಕಾಣದು. ಅಡಕ 4ರಿಂದ 7ರವರೆಗಿನವು ಒಂದೇ ಜಾಗದಲ್ಲಿ ನಾಲ್ಕು ಋತುಗಳಲ್ಲಿ ತೆಗೆದ ಛಾಯಾಚಿತ್ರಗಳು. ಅಡಕ 8 ಗ್ರಾಮಸಭೆಯ ಠರಾವು, 9 ಹಿಂದಿನ ಮನವಿಗಳ ಸ್ವೀಕೃತಿ, 10 ಆಟೋ ಚಾಲಕರ ಹೇಳಿಕೆ. ರಸ್ತೆಯಿಂದ ಎರಡು ಬೆರಳಲ್ಲಿ ಕಿತ್ತು ತಂದ ಡಾಂಬರಿನ ತುಂಡೊಂದನ್ನೂ ಪೊಟ್ಟಣದಲ್ಲಿ ಕಳುಹಿಸಿದ್ದೇವೆ; ಅದಕ್ಕೆ ಅಡಕಸಂಖ್ಯೆ ಕೊಡುವ ಪದ್ಧತಿ ಉಂಟೋ ಇಲ್ಲವೋ, ತಾವು ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬುದೇ ನಮ್ಮ ಆಶಯ.

ಹಾಸಿದ ರೀತಿಯ ಬಗೆಗೂ ಒಂದು ಮಾತು. ಕೇಂದ್ರ ಸಾರಿಗೆ ಮಂತ್ರಾಲಯದ 2013ರ ನಿರ್ದಿಷ್ಟ ವಿವರಣೆಗಳ ಪ್ರಕಾರ ವಿಜಿ-30 ಡಾಂಬರಿನ ಬಿಸಿ ಮಿಶ್ರಣವು ಹಾಸುವಾಗ 140 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆಯಿರಕೂಡದು, ರೋಲರ್ ಉರುಳುವಾಗ 90ಕ್ಕಿಂತ ಇಳಿಯಕೂಡದು. ನಮ್ಮಲ್ಲಿ ಮಿಶ್ರಣ ಬಂದದ್ದು ತಾಡಪತ್ರಿಯ ಹೊದಿಕೆಯೂ ಇಲ್ಲದ ಲಾರಿಯಲ್ಲಿ. ಉಷ್ಣಮಾಪಕವನ್ನು ಹಿಡಿದವರನ್ನು ಅಂದು ಯಾರೂ ಕಾಣಲಿಲ್ಲ. ಸಂಜೆ ಮೋಡ ಕವಿದಾಗಲೂ ಕೆಲಸ ನಿಲ್ಲಲಿಲ್ಲ. ನಡುವೆ ಎತ್ತರವಾಗಿ ಇಕ್ಕೆಲಕ್ಕೂ ಇಳಿಜಾರಾಗಿರಬೇಕಾದ ರಸ್ತೆ ತಟ್ಟೆಯಂತೆ ಮಟ್ಟವಾಗಿರುವುದರಿಂದ ನೀರು ಅಲ್ಲಿಯೇ ನಿಂತು, ಖಡಿಯಿಂದ ಡಾಂಬರನ್ನು ಬಿಡಿಸುತ್ತದೆ. ಇದನ್ನು ಕಂಡು ಕೇಳಿದ ಗ್ರಾಮಸ್ಥರಿಗೆ ದೊರೆತ ಉತ್ತರವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ತೆರಿಗೆ ಕೊಡುವವರನ್ನು ಭಿಕ್ಷುಕರೆಂದು ಬಗೆಯುವುದು ಯಾವ ಅಂದಾಜು ಪತ್ರಿಕೆಯಲ್ಲಿಯೂ ಬರೆದಿರಲಾರದು.

ಆದುದರಿಂದ ಹೊಸ ಅಂದಾಜನ್ನು ತಡೆಹಿಡಿದು, ಮಣ್ಣನ್ನು ಪರೀಕ್ಷಿಸಿ, ತಗ್ಗಿನ ಭಾಗವನ್ನು ಮೊರಂ ಏರಿಯಿಂದ ಎತ್ತರಿಸಿ, ಇಕ್ಕೆಲದ ಚರಂಡಿಯನ್ನು ನಾಲಾದವರೆಗೆ ಒಯ್ದ ಮೇಲೆಯೇ ಡಾಂಬರು ಹಾಸಬೇಕು; ಬಚ್ಚಲು ನೀರು ವರ್ಷವಿಡೀ ಹರಿಯುವ ಊರೊಳಗಿನ ಓಣಿಗಳಿಗೆ ಡಾಂಬರನ್ನು ಬಿಟ್ಟು ಕಾಂಕ್ರೀಟನ್ನು ಆರಿಸಬೇಕು; ಬಿರುಕು ಕಂಡ ವರ್ಷವೇ ಅದನ್ನು ಮುಚ್ಚಿ, ಮಳೆಗಾಲಕ್ಕೆ ಮುನ್ನ ಚರಂಡಿಯ ಹೂಳೆತ್ತುವ ಹೊಣೆಯನ್ನು ಗುತ್ತಿಗೆಯ ಕರಾರಿನಲ್ಲಿಯೇ ಸೇರಿಸಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಗುತ್ತಿಗೆದಾರನೇ 5 ವರ್ಷ ಹೊಣೆಯಾಗಿರುವಾಗ ನಮ್ಮ ರಸ್ತೆಗೆ ಆ ಭಾಗ್ಯ ಏಕಿರಬಾರದು?

ಇದರೊಂದಿಗೆ ಬಸ್ಸು ನಿಲ್ಲುವ ಸ್ಥಳದ ರಾಡಿ, ಬೀದಿದೀಪ, ಊರಿನ ಹೆಸರಿನ ಫಲಕ, ಶಾಲೆಯ ಮುಂದಿನ ವೇಗತಡೆ ಮೊದಲಾದುವನ್ನೂ ಕೃಪೆಯಿಟ್ಟು ಗಮನಿಸಬೇಕು. ಬಸ್ಸಿನ ಸ್ಥಳಕ್ಕೆ ಡಾಂಬರು ಹಾಸುವಾಗ ಅದನ್ನು ಪಕ್ಕದ ಕಿರಾಣಿ ಹಾಗೂ ರಸಗೊಬ್ಬರದ ಅಂಗಡಿಗಳ ಅಂಗಳದವರೆಗೆ ವಿಸ್ತರಿಸುವುದು ಸಾರ್ವಜನಿಕರಿಗೆ ಅನುಕೂಲಕರ. ಆ ಅಂಗಡಿಗಳವರು ಈ ಮನವಿಯ ಖರ್ಚಿಗೆ ಉದಾರವಾಗಿ ನೆರವಾಗಿದ್ದಾರೆ. ಭಾರದ ವಾಹನಗಳನ್ನು ನಿಯಂತ್ರಿಸುವುದು ಅವಶ್ಯವೇ ಆದರೂ, ಕಬ್ಬು ಸಾಗಿಸುವ ಸ್ಥಳೀಯ ರೈತರ ಟ್ರ್ಯಾಕ್ಟರುಗಳನ್ನು ಆ ನಿಯಂತ್ರಣದಿಂದ ಹೊರಗಿಡಬೇಕು, ಏಕೆಂದರೆ ಅವರಿಗೆ ಬೇರೆ ದಾರಿಯಿಲ್ಲ.

ಸಂವಿಧಾನದ 371(ಜೆ) ಅನುಚ್ಛೇದದ ಆಶಯದಂತೆ ಈ ಪ್ರದೇಶದ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ತಮ್ಮ ಮಂಡಳಿ ಇದೆ. ಮಂಡಳಿಯ ಅಭಿಯಂತರರು ಬೇಸಿಗೆಯಲ್ಲಲ್ಲದೆ ಮಳೆ ಬಿದ್ದ ಮರುದಿನ ಸ್ಥಳಕ್ಕೆ ಬಂದು ನೋಡಬೇಕೆಂದೂ, ಅವರು ಬಂದು ಹೋಗುವವರೆಗೆ ಹೊಸ ಕೆಲಸದ ಯಾವ ಬಿಲ್ಲನ್ನೂ ಪಾವತಿ ಮಾಡದಂತೆ ನಿರ್ದೇಶಿಸಬೇಕೆಂದೂ, ಈ ಮನವಿಗೆ ಲಿಖಿತ ಹಿಂಬರಹವನ್ನು ದಯಪಾಲಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಭಾತಂಬ್ರಾ ಗ್ರಾಮಸ್ಥರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆಗಳನ್ನು ಲಗತ್ತಿಸಿದೆ)