ಆ ತಾಯಿಯನ್ನು ವಾಪಸ್ ಕಳಿಸಿದವನು ನಾನೇ

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಒಂದು ಚಾಳಿ ಇರುತ್ತದೆ. ಎದುರು ನಿಂತವರ ಮುಖಕ್ಕಿಂತ ಮೊದಲು ಅವರ ಸಹಿ ನೋಡುವುದು. ಬಿ.ಕಾಂ. ಮುಗಿಸಿ, ಕುಂದಾಪುರ ಬಿಟ್ಟು 1993ರಲ್ಲಿ ಮುಂಬಯಿಗೆ ಬಂದಾಗಿನಿಂದ ನನಗೂ ಅದೇ ಚಾಳಿ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೇಲಿನ ಮಾಳಿಗೆಯವರ ಹೆಸರು ಮರೆತೇನು, ಹಳೆಯ ಗಿರಾಕಿಯ ಸಹಿಯ ಬಾಲ ಯಾವ ಕಡೆಗೆ ತಿರುಗುತ್ತದೆ ಅನ್ನುವುದು ಮರೆಯುವುದಿಲ್ಲ! ಇವತ್ತು ಬರೆಯಬೇಕು ಅಂತ ಕೂತಿರುವುದು ಸಹಿ ಹಾಕಲು ಬಾರದ ಒಬ್ಬ ಹುಡುಗ ಮತ್ತು ಅವನ ತಾಯಿಯ ಬಗ್ಗೆ.

2009ರ ಮಾತು. ತಿಂಗಳ ಮೊದಲ ವಾರ, ಪೆನ್ಶನ್ ದಿನಗಳ ಗದ್ದಲ. ಸುಮಾರು ನಲವತ್ತೈದರ ಹೆಂಗಸೊಬ್ಬರು ಮಗನ ಕೈ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು. ಹುಡುಗನಿಗೆ ಎತ್ತರ ಆಳು, ಮೀಸೆ ಬಂದಿದೆ, ಆದರೆ ಕಣ್ಣು ಸೀಲಿಂಗ್ ಫ್ಯಾನಿನ ಮೇಲೆಯೇ. ಫೋನಿನಲ್ಲಿ ನಾನು ಯಾರೊಂದಿಗೋ ಆಡುತ್ತಿದ್ದ ಮಾತು ಕೇಳಿ ಆಕೆಯ ಮುಖ ಅರಳಿತು.

"ನೀವು ನಮ್ಮ ಕಡೆಯವರಾ ಸರ್?"

ಊರಲ್ಲಿ ಜಾಗ ಪಾಲಾಗಿತ್ತಂತೆ. ಅಜ್ಜ ಮೊಮ್ಮಗನ ಹೆಸರಿಗೆ ಬರೆದಿಟ್ಟ ಪಾಲಿನ ಹಣ ಅವನ ಹೆಸರಲ್ಲೇ ಚೆಕ್ಕಾಗಿ ಬಂದಿತ್ತು. ಅವನ ಹೆಸರಲ್ಲಿ ಖಾತೆ ಇಲ್ಲ.

"ಅವನಿಗೆ ಇಪ್ಪತ್ತು ವರ್ಷ ಸರ್. ಸಹಿ ಮಾಡಲಿಕ್ಕೆ ಬರುವುದಿಲ್ಲ. ಬುದ್ಧಿ ಬೆಳೆದಿಲ್ಲ. ನಾನು ಅಮ್ಮ ಅಲ್ವಾ, ನಾನು ಮಾಡಿದರೆ ಆಗುವುದಿಲ್ಲವಾ?"

ಆಗುವುದಿಲ್ಲ ಅಂದೆ. ಹದಿನೆಂಟು ತುಂಬಿದ ಮೇಲೆ ತಾಯಿ ಸಹಿ ನಡೆಯುವುದಿಲ್ಲಮ್ಮ, ಕೋರ್ಟಿನಿಂದ ಆರ್ಡರ್ ತನ್ನಿ ಅಂದೆ. "ಕೋರ್ಟಾ?" ಅಂದರು ಆಕೆ. ಅಷ್ಟೇ. ಹುಡುಗನ ಅಂಗಿಯ ಗುಂಡಿ ಸರಿಮಾಡಿ ಕರೆದುಕೊಂಡು ಹೋದರು. ನಾನು ಮುಂದಿನ ಪಾಸ್‌ಬುಕ್ ತೆಗೆದುಕೊಂಡೆ.

ತಿಂಗಳಾದ ಮೇಲೆ ಇನ್ಸ್‌ಪೆಕ್ಷನ್ ಬರುತ್ತದೆ ಅಂತ ಸುತ್ತೋಲೆಗಳ ಫೈಲು ಜೋಡಿಸುತ್ತಿದ್ದೆ. ಅದರಲ್ಲಿತ್ತು, 2007ರ ರಿಸರ್ವ್ ಬ್ಯಾಂಕಿನ ಸುತ್ತೋಲೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ, ಈ ನಾಲ್ಕು ಬಗೆಯವರ ಖಾತೆ ತೆರೆಯಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿ ಕೊಡುವ ಗಾರ್ಡಿಯನ್ ಸರ್ಟಿಫಿಕೇಟ್ ಸಾಕು. ಕೋರ್ಟು ಮೆಟ್ಟಿಲು ಹತ್ತಲೇಬೇಕೆಂದಿಲ್ಲ! ಕಾಗದ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಸ್ವೀಕರಿಸಿದ್ದಕ್ಕೆ ನನ್ನದೇ ಇನಿಷಿಯಲ್ ಬೇರೆ.

ಆಕೆಯನ್ನು ಹುಡುಕೋಣ ಅಂದರೆ ಎಲ್ಲಿ ಹುಡುಕುವುದು? ನಾನು ಫಾರ್ಮನ್ನೇ ಕೊಟ್ಟಿರಲಿಲ್ಲ, ಹಾಗಾಗಿ ವಿಳಾಸವೂ ಇರಲಿಲ್ಲ. ಆ ಕಾಲಕ್ಕೆ ಚೆಕ್ಕಿನ ಆಯುಷ್ಯ ಆರು ತಿಂಗಳು. ಆರು ತಿಂಗಳೂ ಬಾಗಿಲ ಕಡೆ ನೋಡುತ್ತಿದ್ದೆ. ಬರಲಿಲ್ಲ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುವುದಕ್ಕೆ ಕಾರಣ ಇದೆ.

ನನ್ನ ಹೆಂಡತಿಯ ತಂಗಿ ಇರುವುದು ಕಲ್ಯಾಣದಲ್ಲಿ. ಅವಳ ಮಗಳಿಗೆ ಆಟಿಸಂ. ಮೂರು ವರ್ಷವಾದರೂ ಮಾತು ಬಾರದಿದ್ದಾಗ ಮನೆಯ ಹಿರಿಯರೆಲ್ಲ ಸೇರಿ "ನಮ್ಮ ವಂಶದಲ್ಲೇ ಮಾತು ತಡ" ಅಂದೆವು. ಅಂದವರಲ್ಲಿ ನಾನೂ ಒಬ್ಬ. ಡಾಕ್ಟರು ಹೆಸರಿಟ್ಟು ಹೇಳುವಷ್ಟರಲ್ಲಿ ಮಗುವಿಗೆ ಐದು ದಾಟಿತ್ತು. ಆಮೇಲೆ ವಾರಕ್ಕೆ ಮೂರು ದಿನ ಲೋಕಲ್ ಹಿಡಿದು ದಾದರಿಗೆ, ಥೆರಪಿಗೆ. ಅಂಗವಿಕಲರ ಡಬ್ಬಿಗೆ ಹತ್ತಿದರೆ "ಹುಡುಗಿಗೆ ಕೈಕಾಲು ನೆಟ್ಟಗಿದೆಯಲ್ಲ, ಇಳೀರಿ" ಅನ್ನುವವರೂ ಇದ್ದರು. ಗುರುತಿನ ಚೀಟಿ ಕತ್ತಿಗೆ ನೇತುಹಾಕಿಕೊಂಡು ಹೋಗುತ್ತಿದ್ದಳು, ಮಗಳದ್ದನ್ನು ತಾನು.

2022ರಲ್ಲಿ ಮಗಳಿಗೆ ಹದಿನೆಂಟಾಯಿತು. ಅವತ್ತು ಫೋನ್ ಮಾಡಿ "ಭಾವ, ಇವತ್ತಿನಿಂದ ನಾನು ಇವಳಿಗೆ ಕಾನೂನಿನಲ್ಲಿ ಯಾರೂ ಅಲ್ಲವಂತೆ, ಹೌದಾ?" ಅಂತ ಕೇಳಿದಳು. 2009ರ ಆ ತಾಯಿಯೇ ಮತ್ತೆ ಎದುರು ಬಂದು ನಿಂತ ಹಾಗಾಯಿತು.

ಈ ಸಲ ಮಾತ್ರ ನಾನು ರಜೆ ಹಾಕಿದೆ. ಠಾಣೆಯ ಕಲೆಕ್ಟರ್ ಕಚೇರಿಗೆ ಅಲೆದೆ. ಫಾರ್ಮು ತುಂಬಿದೆ. ಗಾರ್ಡಿಯನ್ ಸರ್ಟಿಫಿಕೇಟ್ ಬಂತು. ಸುಲಭವಾಗಿರಲಿಲ್ಲ, ಹಾಗಂತ ಗುಡ್ಡ ಕಡಿಯುವ ಕೆಲಸವೂ ಅಲ್ಲ. ಮೂವತ್ತು ವರ್ಷ ಫಾರ್ಮುಗಳ ಮಧ್ಯೆ ಬದುಕಿದವನಿಗೆ ಅದು ಇನ್ನೊಂದು ಫಾರ್ಮು. ಆದರೆ ರಾತ್ರಿ ಎರಡಕ್ಕೆ ಎದ್ದು ಕೂರುವ ಮಗಳನ್ನು ಸಂಭಾಳಿಸಿ, ಬೆಳಿಗ್ಗೆ ಗಂಡನ ಡಬ್ಬಿ ಕಟ್ಟಿ, ಮರಾಠಿಯ ಸರಕಾರಿ ಭಾಷೆ ಅರ್ಥವಾಗದೆ ನಿಲ್ಲುವ ಹೆಂಗಸಿಗೆ ಅದು ಗುಡ್ಡವೇ.

ಈಗ ವಿಷಯಕ್ಕೆ ಬರೋಣ. ಇಂಥ ತಂದೆತಾಯಿಗಳಿಗೆ ಏನೂ ಸೌಲಭ್ಯವಿಲ್ಲ ಅನ್ನುವುದು ಸುಳ್ಳು. ನಾನೇ ಲೆಕ್ಕ ಹಾಕಿದ್ದೇನೆ, ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ ವೈಕಲ್ಯಗಳನ್ನು ಏಳರಿಂದ 21ಕ್ಕೆ ಏರಿಸಿತು, ಆಟಿಸಂ ಕೂಡ ಸೇರಿತು. ದೇಶದಾದ್ಯಂತ ನಡೆಯುವ ಯುಡಿಐಡಿ ಕಾರ್ಡು ಇದೆ. ಮೇಲೆ ಹೇಳಿದ ನಾಲ್ಕು ಬಗೆಯವರಿಗೆ 'ನಿರಾಮಯ' ಅಂತ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ, ಸೇರಲು ಮೆಡಿಕಲ್ ಟೆಸ್ಟ್ ಬೇಡ, ಥೆರಪಿಯ ಖರ್ಚಿಗೂ ಸ್ವಲ್ಪ ಸಿಗುತ್ತದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ತಂದೆತಾಯಿಗೆ 75,000 ರೂಪಾಯಿ ಕಡಿತ, ವೈಕಲ್ಯ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಜೊತೆಯಿಲ್ಲದೆ ಪ್ರಯಾಣ ಮಾಡಲಾಗದ ಬೌದ್ಧಿಕ ವೈಕಲ್ಯದವರಿಗೆ ರೈಲಿನಲ್ಲಿ ರಿಯಾಯಿತಿ, ಜೊತೆಗೆ ಹೋಗುವವರಿಗೂ. ಇನ್ನು ನಮ್ಮವರಿಗೆ, ಅಂದರೆ ಬ್ಯಾಂಕಿನವರಿಗೆ, ಗಾರ್ಡಿಯನ್ ಸರ್ಟಿಫಿಕೇಟಿನ ಮಾಹಿತಿಯನ್ನು ಶಾಖೆಯಲ್ಲಿ ಕಾಣುವಂತೆ ಹಾಕಬೇಕು, ಪೋಷಕರಿಗೆ ದಾರಿ ತೋರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ನೀವು ಯಾವ ಶಾಖೆಯಲ್ಲಾದರೂ ಆ ಫಲಕ ನೋಡಿದ್ದೀರಾ? ನೆನಪಿಸಿಕೊಂಡು ಹೇಳಿ.

ಇರುವುದೆಲ್ಲ ಒಂದೊಂದು ಬಾಗಿಲಲ್ಲಿ ಇದೆ. ಸರ್ಟಿಫಿಕೇಟ್ ಸರಕಾರಿ ಆಸ್ಪತ್ರೆಯಲ್ಲಿ, ಗಾರ್ಡಿಯನ್‌ಶಿಪ್ ಕಲೆಕ್ಟರ್ ಕಚೇರಿಯಲ್ಲಿ, ಖಾತೆ ಬ್ಯಾಂಕಿನಲ್ಲಿ, ರಿಯಾಯಿತಿ ರೈಲ್ವೆಯಲ್ಲಿ. ಈ ಬಾಗಿಲಿನಿಂದ ಆ ಬಾಗಿಲಿಗೆ ಜೊತೆಗೆ ನಡೆಯುವವರು ಯಾರೂ ಇಲ್ಲ. ಊರಲ್ಲಾದರೆ ಒಬ್ಬ ಸೋದರಮಾವ, ಒಬ್ಬರು ಮೇಷ್ಟ್ರು, ಕೊನೆಗೆ ಪಂಚಾಯ್ತಿಯ ಪರಿಚಯದವರು ಯಾರಾದರೂ ಇರುತ್ತಿದ್ದರು. ಊರು ಬಿಟ್ಟು ಬಂದ ನಮಗೆ ಇಲ್ಲಿ ಅವರ ಬದಲಿಗೆ ಇರುವುದು ಯಾರು?

ಸಂಘಗಳು. ಮುಂಬಯಿಯಲ್ಲಿ ಕನ್ನಡಿಗರ ಸಂಘಗಳಿಗೆ ಬರವಿಲ್ಲ. ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಜಾತಿಗೊಂದು, ಉಪನಗರಕ್ಕೊಂದು ಸಂಘ ಇದೆ. ನಾನು ಇವನ್ನು ಹೀಯಾಳಿಸುತ್ತಿಲ್ಲ. ನಮ್ಮ ಹಿರಿಯರು ಈ ಊರಿಗೆ ಬಂದಾಗ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಹುಡುಗರಿಗೆ ರಾತ್ರಿಶಾಲೆ ಕಟ್ಟಿದರು. ಹಗಲು ದುಡಿದು ರಾತ್ರಿ ಓದಿದ ಹುಡುಗರು ಮುಂದೆ ವಕೀಲರಾದರು, ಬ್ಯಾಂಕಿನವರಾದರು. ಅಂದಿನ ಅಗತ್ಯ ಅದಾಗಿತ್ತು, ಅದನ್ನು ಅವರು ಕಂಡರು. ಇಂದಿನ ಅಗತ್ಯಗಳಲ್ಲಿ ಇದೂ ಒಂದು ಅಂತ ನನ್ನ ವಾದ.

ನಾನು ಕೇಳುವುದು ದೊಡ್ಡದಲ್ಲ. ಮೊದಲನೆಯದು, ತಿಂಗಳಿಗೊಂದು ಭಾನುವಾರ ಸಂಘದ ಹಾಲಿನಲ್ಲಿ ಒಂದು ಮೇಜು, ನಾಲ್ಕು ಕುರ್ಚಿ. ನಿವೃತ್ತ ಬ್ಯಾಂಕಿನವರು, ಎಲ್‌ಐಸಿಯವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಂದವರ ಫಾರ್ಮು ತುಂಬಿಕೊಡಲಿ. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಲೆಕ್ಕ ಬರೆಯುವುದಕ್ಕೆ ನಮ್ಮವರಿಗಿಂತ ಬೇಕೆ? ಎರಡನೆಯದು, ಆಸ್ಪತ್ರೆಗೂ ಕಚೇರಿಗೂ ಜೊತೆಗೆ ಹೋಗಲು ಮರಾಠಿ ಚೆನ್ನಾಗಿ ಬಲ್ಲ ಒಬ್ಬರು. ನಮ್ಮ ಮಕ್ಕಳೆಲ್ಲ ಇಲ್ಲೇ ಓದಿದವರು, ಅವರಿಗೆ ಅದು ನೀರು ಕುಡಿದ ಹಾಗೆ. ಮೂರನೆಯದು ಸ್ವಲ್ಪ ಕಷ್ಟದ್ದು. ವಾರಕ್ಕೆ ಎರಡು ಗಂಟೆ ಮಗುವಿನ ಜೊತೆ ಕೂರುವವರು. ಮೊದಲು ಮಗುವಿಗೆ ಪರಿಚಯವಾಗಿ, ತಾಯಿ ಎದುರಿಗಿದ್ದಾಗಲೇ ಅಭ್ಯಾಸವಾಗಿ, ಆಮೇಲೆ. ನಿನಗೆ ಏನು ಬೇಕಮ್ಮ ಅಂತ ನಾದಿನಿಯನ್ನು ಒಮ್ಮೆ ಕೇಳಿದ್ದೆ. ಹಣ ಅನ್ನಬಹುದು ಅಂದುಕೊಂಡಿದ್ದೆ. "ಎರಡು ಗಂಟೆ ನಿದ್ದೆ ಭಾವ" ಅಂದಳು.

ಇದನ್ನು ಸಂಘದ ಪರಿಚಿತರೊಬ್ಬರ ಹತ್ತಿರ ಎತ್ತಿದಾಗ ಬಂದ ಉತ್ತರ: "ಅಂಥ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ ಮಾರಾಯ್ರೆ? ನಾನಂತೂ ನೋಡಿಲ್ಲ." ನಿಜ, ಅವರು ನೋಡಿಲ್ಲ. ಯಾಕೆ ನೋಡಿಲ್ಲ ಅಂತ ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ಗಣೇಶೋತ್ಸವದ ಯಕ್ಷಗಾನಕ್ಕೆ ನಾದಿನಿ ಮಗಳನ್ನು ಕರೆತಂದಿದ್ದಳು. ಚೆಂಡೆಯ ಪೆಟ್ಟಿಗೆ ಹುಡುಗಿ ಕಿವಿ ಮುಚ್ಚಿ ಕಿರುಚಿತು. ಮುಂದಿನ ನಾಲ್ಕು ಸಾಲು ತಿರುಗಿ ನೋಡಿತು. ಯಾರೂ ಏನೂ ಅನ್ನಲಿಲ್ಲ, ಬರೀ ನೋಡಿದರು. ಆಮೇಲೆ ಅವಳು ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ.

ಇನ್ನೊಂದು ಮಾತೂ ಬರುತ್ತದೆ, ಇದೆಲ್ಲ ಸರಕಾರದ ಕೆಲಸ ಅಂತ. ಒಪ್ಪಿದೆ. ಕಲೆಕ್ಟರ್ ಕಚೇರಿಯಲ್ಲಿ ವಿಳಂಬವಾದರೆ ನಾವೇ ಹೋಗಿ ಜಗಳವಾಡೋಣ. ಆದರೆ ಜಗಳವಾಡಲು ಕೂಡ ಆ ತಾಯಿಯ ಪಕ್ಕ ಒಬ್ಬರು ನಿಂತಿರಬೇಕಲ್ಲ? ಮತ್ತೆ ನನ್ನ ವಿಷಯದಲ್ಲಿ ಸರಕಾರದ ಕಾನೂನು ಇತ್ತು, ರಿಸರ್ವ್ ಬ್ಯಾಂಕಿನ ಸುತ್ತೋಲೆ ಇತ್ತು, ಕಪಾಟಿನಲ್ಲಿ ಕಾಗದವೂ ಇತ್ತು. ಓದಿ ಹೇಳಬೇಕಾದವನು ಓದಿರಲಿಲ್ಲ.

ಸಂಘದವರು "ಮುಂದಿನ ಮೀಟಿಂಗಿನಲ್ಲಿ ನೋಡುವ" ಅಂದಿದ್ದಾರೆ. ನೋಡಲಿ. ಅಲ್ಲಿಯವರೆಗೆ ನಮ್ಮ ಕಟ್ಟಡದ ಸೊಸೈಟಿ ಆಫೀಸಿನ ಬೀಗದ ಕೈ ಕೇಳಿದ್ದೇನೆ, ಸೆಕ್ರೆಟರಿ ಒಪ್ಪಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಕೂರುತ್ತೇನೆ. ಬಂದವರ ಹೆಸರು, ವಿಳಾಸ ಮೊದಲು ಬರೆದುಕೊಳ್ಳುತ್ತೇನೆ, ಕೆಲಸ ಆದರೂ ಸರಿ, ಆಗದಿದ್ದರೂ ಸರಿ.

ಪುಣೆ, ಹೈದರಾಬಾದ್, ಚೆನ್ನೈಯಲ್ಲಿರುವ ಮಿತ್ರರೇ, ಈ ಕಾಯ್ದೆ ನಿಮ್ಮ ಜಿಲ್ಲೆಗೂ ಅದೇ. ನಿಮ್ಮ ಸಂಘದ ಹಾಲಿನಲ್ಲೂ ಒಂದು ಮೇಜು ಇದ್ದೇ ಇರುತ್ತದೆ. ಅದರ ಹಿಂದೆ ತಿಂಗಳಿಗೆ ಎರಡು ಗಂಟೆ ಕೂರಲು ನಿಮ್ಮಲ್ಲಿ ಯಾರಿದ್ದೀರಿ?