ಶಾಲೆ ಬದಲಾದರೂ ಸಾಲು ಬದಲಾಗದು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು ಹಳೆಯವು. ಸೈನ್ಸೋ ಕಾಮರ್ಸೋ? ಊರಲ್ಲೇ ಪಿಯುಸಿಯೋ, ಮಂಗಳೂರು–ಮೂಡುಬಿದಿರೆ ಕಡೆಯ ಹಾಸ್ಟೆಲ್ಲೋ? ಈಚೆಗೆ ಉಳ್ಳವರ ಮನೆಗಳಲ್ಲಿ, ಸೈಟು ಮಾರಿಯಾದರೂ ಮಗಳನ್ನು ಓದಿಸುತ್ತೇವೆ ಎನ್ನುವ ಮಧ್ಯಮವರ್ಗದ ಕೆಲವು ಮನೆಗಳಲ್ಲೂ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಹೇಗೂ ಡಿಗ್ರಿಗೆ ಹೊರದೇಶಕ್ಕೆ ಹೋಗುವುದಾದರೆ 11, 12ನೇ ತರಗತಿಯನ್ನೂ ಅಲ್ಲೇ ಮುಗಿಸಿಬಿಟ್ಟರೆ?

ಈ ಯೋಚನೆಯ ಹಿಂದೊಂದು ಲೆಕ್ಕಾಚಾರವಿದೆ. ಅಲ್ಲಿನ ಶಾಲೆಯ ಸರ್ಟಿಫಿಕೇಟು ಕೈಯಲ್ಲಿದ್ದರೆ ಕಾಲೇಜು ನಮ್ಮ ಮಗುವನ್ನು ಅಲ್ಲಿಯವರಂತೆ ನೋಡುತ್ತದೆ, ಸೀಟು ಸುಲಭ, ಶುಲ್ಕ ಕಡಿಮೆ ಎಂಬುದು. ಲೆಕ್ಕ ತಪ್ಪುವುದು ಇಲ್ಲಿಯೇ. ಕಾಲೇಜಿನ ಬಾಗಿಲಲ್ಲಿ ಸ್ಥಳೀಯರಿಗೊಂದು, ವಿದೇಶಿಯರಿಗೊಂದು ಸಾಲಿರುತ್ತದೆ. ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ವೀಸಾ. ಓದಿದ ಶಾಲೆಯ ಹೆಸರಿಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ.

ಅಮೆರಿಕವನ್ನೇ ತೆಗೆದುಕೊಳ್ಳಿ. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಎಫ್‌-1 ವಿದ್ಯಾರ್ಥಿ ವೀಸಾದ ಮೇಲೆ ಒಟ್ಟು 12 ತಿಂಗಳಷ್ಟೇ ಓದಬಹುದು, ಅದೂ ಶಾಲೆಗೆ ತಗಲುವ ಪೂರ್ತಿ ವೆಚ್ಚ ಕಟ್ಟಿ. 1996ರ ಕಾನೂನು ಹಾಕಿದ ಮಿತಿಯಿದು. ಎರಡು ವರ್ಷ ಓದಬೇಕೆಂದರೆ ಖಾಸಗಿ ಶಾಲೆಯೇ ಗತಿ; ಹೆಸರಾಂತ ಬೋರ್ಡಿಂಗ್ ಶಾಲೆಗಳ ವಾರ್ಷಿಕ ಶುಲ್ಕ 60 ಸಾವಿರ ಡಾಲರ್ ದಾಟುತ್ತದೆ. ಇಷ್ಟು ಕಟ್ಟಿದ ಮೇಲೂ ಕಾಲೇಜಿಗೆ ಅರ್ಜಿ ಹಾಕುವಾಗ ಆ ಮಗು ವಿದೇಶಿಯೇ. ಫೆಡರಲ್ ಸರ್ಕಾರದ ಶಿಕ್ಷಣ ನೆರವು ಅದಕ್ಕೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಹೈಸ್ಕೂಲು ಓದಿ ಪಾಸಾದವರಿಗೆ ಸ್ಥಳೀಯರ ಶುಲ್ಕ ಅನ್ವಯಿಸುವ ಕಾನೂನಿದೆ. ವಿದ್ಯಾರ್ಥಿ ವೀಸಾದವರನ್ನು ಅದು ಹೊರಗಿಟ್ಟಿದೆ.

ಬ್ರಿಟನ್ನಿನ ಕಥೆಯೂ ಬೇರೆಯಲ್ಲ. ಅಲ್ಲಿನ ‘ಚೈಲ್ಡ್ ಸ್ಟೂಡೆಂಟ್’ ವೀಸಾ ಖಾಸಗಿ ಶಾಲೆಗಳಿಗೆ ಮಾತ್ರ. 2025ರ ಜನವರಿಯಿಂದ ಆ ಶಾಲೆಗಳ ಶುಲ್ಕದ ಮೇಲೆ ಶೇ 20ರಷ್ಟು ವ್ಯಾಟ್ ಬೇರೆ ಬಿದ್ದಿದೆ. ಎರಡು ವರ್ಷದ ಎ-ಲೆವೆಲ್ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋದರೆ, ಓದಿಗೆಂದೇ ಬಂದು ಕಳೆದ ವರ್ಷಗಳು ವಾಸದ ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 2025–26ಕ್ಕೆ ಸ್ಥಳೀಯರ ಶುಲ್ಕದ ಮಿತಿ 9,535 ಪೌಂಡ್. ಪಕ್ಕದ ಬೆಂಚಿನಲ್ಲಿ ಕೂತು ಅದೇ ಪಾಠ ಕೇಳುವ ನಮ್ಮ ಹುಡುಗ ಅದರ ಎರಡು ಪಟ್ಟು, ಮೂರು ಪಟ್ಟು ಕಟ್ಟುತ್ತಾನೆ.

ಶುಲ್ಕ ಹೇಗೋ ಆಗುತ್ತದೆ, ಸೀಟಾದರೂ ಸುಲಭವಲ್ಲವೇ ಎಂದರೆ ಕ್ಯಾಲೆಂಡರು ಅಡ್ಡ ಬರುತ್ತದೆ. ಅಮೆರಿಕದ ಕಾಲೇಜುಗಳು ನೋಡುವುದು 9ರಿಂದ 12ರವರೆಗಿನ ನಾಲ್ಕೂ ವರ್ಷಗಳ ಅಂಕ. 12ನೇ ತರಗತಿಗೆಂದು ಆಗಸ್ಟಿನಲ್ಲಿ ಹೋಗಿಳಿದ ವಿದ್ಯಾರ್ಥಿಗೆ ಮೊದಲ ಸುತ್ತಿನ ಅರ್ಜಿಗೆ ನವೆಂಬರ್ ಗಡುವು. ಎರಡು ತಿಂಗಳ ಪರಿಚಯದ ಮೇಷ್ಟ್ರು ಶಿಫಾರಸು ಪತ್ರದಲ್ಲಿ ಏನು ತಾನೇ ಬರೆದಾರು? ಆರು ವರ್ಷದಿಂದ ಬಲ್ಲ ಇಲ್ಲಿನ ಗಣಿತದ ಟೀಚರು ಹೆಚ್ಚು ಬರೆಯಬಲ್ಲರು. ಇನ್ನು ಅಲ್ಲಿನ ಕಾಲೇಜುಗಳು ನೋಡುವ ಎಸ್‌ಎಟಿ, ಎಪಿ ಪರೀಕ್ಷೆಗಳನ್ನು ಇಲ್ಲಿ ಕೂತೇ ಬರೆಯಬಹುದು; ಐಬಿ, ಎ-ಲೆವೆಲ್ ಕಲಿಸುವ ಶಾಲೆಗಳು ಬೆಂಗಳೂರಿನಲ್ಲೇ ಇವೆ. ಅವೂ ದುಬಾರಿಯೇ, ಆದರೆ ಮಗು ರಾತ್ರಿ ಊಟಕ್ಕೆ ಮನೆಗೆ ಬರುತ್ತದೆ.

ಹದಿನಾರಕ್ಕೆ ಮನೆ ಬಿಡುವುದು ನಮಗೆ ಹೊಸದೇನಲ್ಲ. ರಾಯಚೂರಿನ ಹುಡುಗಿ ಕರಾವಳಿಯ ಪಿಯು ಕಾಲೇಜಿನ ಹಾಸ್ಟೆಲ್ ಸೇರುವುದು ವರ್ಷವರ್ಷದ ಮಾತು. ಆದರೆ ಅವಳಿಗೆ ಜ್ವರವೆಂದು ಫೋನು ಬಂದರೆ ಅಪ್ಪ ರಾತ್ರಿ ಬಸ್ಸು ಹತ್ತುತ್ತಾರೆ. ಬ್ರಿಟನ್ನು ಇಂಥ ಶಾಲಾ ಮಕ್ಕಳ ಜೊತೆಗಿರಲು ಪೋಷಕರಿಗೆ ಕೊಡುವ ವೀಸಾ ಮಗುವಿಗೆ 12 ತುಂಬುವವರೆಗೆ ಮಾತ್ರ. ಮಗುವಿನ ಎಫ್‌-1 ವೀಸಾದ ಬಲದ ಮೇಲೆ ಅಪ್ಪ–ಅಮ್ಮ ಅಮೆರಿಕದಲ್ಲಿ ನೆಲೆಸಲಾಗದು. ಪ್ರವಾಸಿಗಳಾಗಿ ಹೋಗಿ ಬರಬಹುದಷ್ಟೆ.

ಮನಸ್ಸು ಬದಲಾಗಿ ವಾಪಸು ಬಂದರೆ? ಬಾಗಿಲು ಮುಚ್ಚಿರುವುದಿಲ್ಲ, ಆದರೆ ಕಿರಿದಾಗಿರುತ್ತದೆ. 1ರಿಂದ 12ನೇ ತರಗತಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಇಲ್ಲಿಯೇ ಪಾಸಾದವರು ಸಿಇಟಿಯ ಮುಖ್ಯ ಅರ್ಹತಾ ನಿಯಮದೊಳಗೆ ಬರುತ್ತಾರೆ. ತೊಡಕಿರುವುದು ವಿಷಯಗಳಲ್ಲಿ. ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷ ಜೀವವಿಜ್ಞಾನ, ಮತ್ತೊಂದು ವರ್ಷ ರಸಾಯನವಿಜ್ಞಾನ, ಇನ್ನೊಂದು ವರ್ಷ ಭೌತವಿಜ್ಞಾನ. ಎ-ಲೆವೆಲ್‌ನಲ್ಲಿ ಬಹುತೇಕರು ಓದುವುದು ಮೂರೇ ವಿಷಯ. ನೀಟ್ ಈ ಮೂರು ವಿಜ್ಞಾನಗಳ ಜೊತೆ ಇಂಗ್ಲಿಷನ್ನೂ ಕೇಳುತ್ತದೆ. ಅದರ ಮೇಲೆ ತತ್ಸಮಾನ ಪ್ರಮಾಣಪತ್ರ ತರಬೇಕು. ಎರಡು ವರ್ಷ ಸಿಇಟಿಗೆಂದೇ ಬೆವರು ಸುರಿಸಿದ ಮಕ್ಕಳ ನಡುವೆ ರ‍್ಯಾಂಕ್‌ಗೆ ಹೆಣಗುವುದಂತೂ ಇದ್ದೇ ಇದೆ.

ಹಾಗಾದರೆ ಹೋಗುವುದೇ ತಪ್ಪೇ? ಹಾಗೆನ್ನಲಾಗದು. ಅಪ್ಪನಿಗೋ ಅಮ್ಮನಿಗೋ ಅಮೆರಿಕದ ಎಚ್‌-1ಬಿ ಉದ್ಯೋಗ ವೀಸಾ ಸಿಕ್ಕು ಇಡೀ ಸಂಸಾರವೇ ಹೊರಟರೆ ಚಿತ್ರ ಬೇರೆ. ಅವಲಂಬಿತರ ಎಚ್‌-4 ವೀಸಾದ ಮಗು ಸರ್ಕಾರಿ ಶಾಲೆಗೆ ಶುಲ್ಕವಿಲ್ಲದೆ ಹೋಗುತ್ತದೆ. ಹಲವು ರಾಜ್ಯಗಳಲ್ಲಿ ಕಾಲೇಜಿಗೂ ಸ್ಥಳೀಯರ ಶುಲ್ಕವೇ. 21 ತುಂಬಿದ ದಿನ ಆ ಆಶ್ರಯ ಕಳಚುತ್ತದೆಂಬುದನ್ನು ಮಾತ್ರ ಮರೆಯಬಾರದು. ಜರ್ಮನಿ ಇನ್ನೊಂದು ಅಪವಾದ. ಅಲ್ಲಿನ ಶಾಲಾಂತ್ಯ ಪರೀಕ್ಷೆ ‘ಆಬಿಟೂರ್’ ಪಾಸಾದವರನ್ನು ಪಾಸ್‌ಪೋರ್ಟ್ ಯಾವುದೇ ಇರಲಿ, ಕಾಲೇಜು ಪ್ರವೇಶದಲ್ಲಿ ಜರ್ಮನ್ನರಂತೆಯೇ ಕಾಣುತ್ತಾರೆ. ಶಾಲೆ ಬದಲಾದರೆ ಸಾಲೂ ಬದಲಾಗುವ ಅಪರೂಪದ ಜಾಗವದು. ಆದರೆ ಪಾಠ, ಪರೀಕ್ಷೆ ಎರಡೂ ಜರ್ಮನ್‌ನಲ್ಲಿ. ಹತ್ತನೆಯ ತರಗತಿ ಮುಗಿಸಿ ಅ ಆ ಇ ಈಯಿಂದ ಶುರುಮಾಡುವವರಿಗೆ ಅದು ಎಟುಕುವುದು ಕಷ್ಟ.

ಜಗತ್ತು ನೋಡಬೇಕೆಂಬ ಆಸೆಯೇ ಕಾರಣವಾದರೆ ವಿನಿಮಯ ಕಾರ್ಯಕ್ರಮಗಳಿವೆ. ಅಮೆರಿಕದ ಜೆ-1 ವೀಸಾದ ಮೇಲೆ ಒಂದು ಶೈಕ್ಷಣಿಕ ವರ್ಷ ಅಲ್ಲಿನ ಕುಟುಂಬವೊಂದರ ಜೊತೆಗಿದ್ದು ಓದಿ ಬರಬಹುದು. 2002ರಲ್ಲಿ ಶುರುವಾದ ಕೆನಡಿ–ಲೂಗರ್ ಕಾರ್ಯಕ್ರಮ ಇದಕ್ಕೆ ವಿದ್ಯಾರ್ಥಿವೇತನವನ್ನೇ ಕೊಡುತ್ತದೆ. ಭಾರತದ ಮಕ್ಕಳೂ ಅದರಲ್ಲಿ ಹೋಗಿ ಬಂದಿದ್ದಾರೆ. ಕಾಲೇಜಿನ ಹಂಗಿಲ್ಲದ ಈ ಒಂದು ವರ್ಷ, ಕಾಲೇಜಿನ ಆಸೆಗೆ ಹೂಡಿದ ಎರಡು ವರ್ಷಕ್ಕಿಂತ ಹೆಚ್ಚು ಕಲಿಸೀತು.

ನಿರ್ಧಾರಕ್ಕೆ ಮುನ್ನ ಮಾಡಬೇಕಾದ ಕೆಲಸ ಸಣ್ಣದು. ಏಜೆಂಟರ ಬಣ್ಣದ ಬ್ರೋಷರು ಬದಿಗಿಟ್ಟು, ಮುಂದೆ ಸೇರಬೇಕೆಂದಿರುವ ಎರಡು–ಮೂರು ಕಾಲೇಜುಗಳ ಪ್ರವೇಶ ವಿಭಾಗಕ್ಕೆ ನೇರವಾಗಿ ಮೇಲ್ ಬರೆಯಿರಿ: ಇಂಥ ವೀಸಾದ ಮೇಲೆ ನಿಮ್ಮ ದೇಶದಲ್ಲೇ 12ನೇ ತರಗತಿ ಮುಗಿಸಿದ ಮಗು ನಿಮ್ಮಲ್ಲಿ ಯಾವ ಸಾಲಿನಲ್ಲಿ ನಿಲ್ಲುತ್ತದೆ, ಎಷ್ಟು ಶುಲ್ಕ ಕಟ್ಟುತ್ತದೆ? ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಅಲ್ಲಿನ ಬಹಳಷ್ಟು ಬೋರ್ಡಿಂಗ್ ಶಾಲೆಗಳ ಅರ್ಜಿಯ ಗಡುವು ಮುಗಿಯುತ್ತಿರುತ್ತದೆ. ಹಾಗಾಗಿ ಒಂಬತ್ತನೆಯ ತರಗತಿಯಲ್ಲೇ ಕೇಳುವುದು ಲೇಸು. ಉತ್ತರ ಓದಿದ ಮೇಲೂ ಕಳಿಸೋಣ ಅನ್ನಿಸಿದರೆ, ಆ ಶಾಲೆಯೇ ಬೇಕೆಂದು ಕಳಿಸುತ್ತಿದ್ದೀರಿ ಎಂದಾಯಿತು. ಕಳಿಸಲು ಅಷ್ಟು ಕಾರಣ ಸಾಕು.