ಅಂಗಳದ ಆಟ, ಅಂಗದ ಮೇಲಿನ ಲಿಂಗ



ವಿದ್ಯೆಗಾಗಿ, ಉದ್ಯೋಗಕ್ಕಾಗಿ ಲಂಡನ್ ನಗರಕ್ಕೆ ತೆರಳಿದ ತರುಣರು ಇಂದು ನಮ್ಮ ಅನೇಕ ಮನೆತನಗಳಲ್ಲಿದ್ದಾರೆ. ವಾರದಲ್ಲಿ ಐದು ದಿನ ದುಡಿಮೆ. ಉಳಿದೆರಡು ದಿನ ಬಾಡಿಗೆಯ ಕೋಣೆಯ ನಾಲ್ಕು ಗೋಡೆಗಳೇ ಸಂಗಾತಿ. ಅಂಥವನೊಬ್ಬನು ದೂರವಾಣಿಯಲ್ಲಿ, "ಅಪ್ಪಾ, ಭಾನುವಾರದ ಫುಟ್‌ಬಾಲ್ ಲೀಗಿನಲ್ಲಿ ಒಂದು ತಂಡ ಸೇರಿದ್ದೇನೆ" ಎಂದಾಗ ಹೆತ್ತವರಲ್ಲಿ ಎರಡು ಪ್ರಶ್ನೆಗಳೇಳುತ್ತವೆ. ಮೂವತ್ತರ ಪ್ರಾಯದಲ್ಲಿ ಇದೆಂಥ ಹುಡುಗಾಟ? ಕೊರಳಲ್ಲಿರುವ ಇಷ್ಟಲಿಂಗದ ಗತಿಯೇನು? ಮೊದಲನೆಯದಕ್ಕೆ ಉತ್ತರ ಸುಲಭ, ಎರಡನೆಯದು ವಿಚಾರಾರ್ಹವಾದುದು.

ಫುಟ್‌ಬಾಲ್ ಆಟದ ನಿಯಮಗಳನ್ನು ಕ್ರೋಡೀಕರಿಸಿದ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1863ರಲ್ಲಿ ಹುಟ್ಟಿದುದು ಲಂಡನ್ನಿನಲ್ಲಿಯೇ. ಭಾನುವಾರ ದೇವರ ದಿನವೆಂಬ ಭಾವನೆ ಬಲವಾಗಿದ್ದ ಆ ನಾಡಿನಲ್ಲಿ ಅಂದಿನ ಆಟಕ್ಕೆ ಬಹುಕಾಲ ಮನ್ನಣೆಯಿರಲಿಲ್ಲ. ಆದರೆ ಶ್ರಮಜೀವಿಗೆ ಬಿಡುವಿದ್ದುದೇ ಅಂದು. ಕೊನೆಗೆ 1964ರಲ್ಲಿ ಭಾನುವಾರದ ತಂಡಗಳಿಗೆಂದೇ ಒಂದು ಕಪ್ ಪಂದ್ಯಾವಳಿಯನ್ನು ಆ ಸಂಸ್ಥೆ ಆರಂಭಿಸಿತು. ಪೂರ್ವ ಲಂಡನ್ನಿನ ಹ್ಯಾಕ್ನಿ ಮಾರ್ಷಸ್ ಎಂಬ ಬಯಲು ಇಂಥ ಆಟಕ್ಕೆ ಹೆಸರಾದುದು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಉರುಳಿದ ಮನೆಗಳ ಅವಶೇಷಗಳನ್ನು ತುಂಬಿ ಎತ್ತರಿಸಿದ ಆ ನೆಲದಲ್ಲಿ ಒಂದು ಕಾಲಕ್ಕೆ ನೂರಕ್ಕೂ ಮಿಕ್ಕಿ ಅಂಕಣಗಳಿದ್ದವು.

ಇಂಥ ಲೀಗಿನಲ್ಲಿ ಸಂಬಳವಿಲ್ಲ; ಆಡುವವನೇ ವಂತಿಗೆ ತೆರಬೇಕು. ಮೈದಾನದ ಬಾಡಿಗೆಯೂ ರೆಫರಿಯ ಸಂಭಾವನೆಯೂ ಅದರಿಂದಲೇ ಸಲ್ಲಬೇಕು. ಬಲೆ ಕಟ್ಟುವವರು, ಅಂಗಿ ಒಗೆಯುವವರು ಅವರೇ. ಗಾರೆಯವನೂ ಬ್ಯಾಂಕಿನವನೂ ವಾಹನ ಚಾಲಕನೂ ಅಲ್ಲಿ ಸರಿಸಮಾನರು. ಕಾಯಕವನ್ನೂ ಸಮಾನತೆಯನ್ನೂ ಬಾಲ್ಯದಿಂದ ಕೇಳಿ ಬೆಳೆದ ನಮ್ಮ ಹುಡುಗನಿಗೆ ಇದು ಪರಕೀಯವಲ್ಲ. ಥೇಮ್ಸ್ ನದಿಯ ದಂಡೆಯ ಮೇಲೆ, ಲ್ಯಾಂಬೆತ್‌ನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ಬಿಡುವಾದಾಗ ನಮಿಸಿ ಬರಬಹುದು. ಆದರೆ ಮೈಗೆ ಜ್ವರ ಬಂದ ದಿನ "ಏಕೆ ಬರಲಿಲ್ಲ?" ಎಂದು ವಿಚಾರಿಸುವ ನಾಲ್ವರು ಪರಿಚಿತರೂ ಪರದೇಶದಲ್ಲಿ ಬೇಕಲ್ಲವೆ?

ಇನ್ನು ಎರಡನೆಯ ಪ್ರಶ್ನೆ. ಆಟದ ನಾಲ್ಕನೆಯ ನಿಯಮದಂತೆ ಅಪಾಯಕರವಾದ ಯಾವುದನ್ನೂ ಆಟಗಾರನು ಧರಿಸತಕ್ಕದ್ದಲ್ಲ. ಸರ, ಉಂಗುರ, ಕಡಗಗಳೆಲ್ಲ ನಿಷಿದ್ಧ. ಆಭರಣದ ಮೇಲೆ ಪಟ್ಟಿ ಸುತ್ತಿ ಮುಚ್ಚುವುದಕ್ಕೂ ಅನುಮತಿಯಿಲ್ಲ. ಇಷ್ಟಲಿಂಗದ ಹೆಸರು ನಿಯಮದಲ್ಲಿಲ್ಲವಾದರೂ ಬೆಳ್ಳಿಯ ಕರಡಿಗೆಯನ್ನು ಕಂಡ ರೆಫರಿ ತೆಗೆಯಲು ಹೇಳುವುದು ಸಹಜ. ಅವನನ್ನು ಧರ್ಮದ್ವೇಷಿಯೆಂದು ಬಗೆಯಬಾರದು. ಎರಡು ದೇಹಗಳು ಡಿಕ್ಕಿ ಹೊಡೆದರೆ ಲೋಹವು ಇಬ್ಬರನ್ನೂ ಗಾಯಗೊಳಿಸುತ್ತದೆ.

ವಿನಯದಿಂದ ಕೇಳಿದರೆ ನಿಯಮವೂ ಬದಲಾಗಬಲ್ಲುದು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸಿಖ್ಖರ ಪೇಟಕ್ಕೆ ವಿಧಿಸಿದ್ದ ನಿಷೇಧವು 2013ರ ಜೂನ್ ತಿಂಗಳಲ್ಲಿ ತೆರವಾಯಿತು. ಮರುವರ್ಷ ತಲೆವಸ್ತ್ರಕ್ಕೆ ಜಗತ್ತಿನಾದ್ಯಂತ ಅನುಮತಿ ದೊರೆಯಿತು. ಆದ್ದರಿಂದ ನಮ್ಮ ತರುಣನು ಋತುವಿನ ಆರಂಭಕ್ಕೆ ಮುನ್ನವೇ ಲೀಗಿನ ಕಾರ್ಯದರ್ಶಿಗೆ ಬರೆದು ಲಿಂಗಧಾರಣೆಯ ಅರ್ಥವನ್ನು ತಿಳಿಸಲಿ. ಶಿರಸ್ಸು, ಕಂಠ, ಕಕ್ಷ, ವಕ್ಷ, ಕುಕ್ಷಿ, ಹಸ್ತ ಇವು ಧಾರಣೆಗೆ ಯೋಗ್ಯವೆಂದೂ ನಾಭಿಯ ಕೆಳಗೆ ಸಲ್ಲದೆಂದೂ ಸಿದ್ಧಾಂತ ಶಿಖಾಮಣಿ ಹೇಳುತ್ತದೆ. ಆದುದರಿಂದ ಕರಡಿಗೆಯನ್ನು ಬಿಟ್ಟು, ಮೃದುವಾದ ಮಡಿವಸ್ತ್ರದಲ್ಲಿ ಕಕ್ಷಸ್ಥಾನಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಲು ಅನುಮತಿ ಕೇಳಬಹುದು.

ಒಪ್ಪದಿದ್ದರೆ? ಅಂಗಿಯೊಳಗೆ ಮರೆಮಾಡಿ ಆಡುವುದು ಸರ್ವಥಾ ಸಲ್ಲದು. ಲಿಂಗವನ್ನು ಧರಿಸಿ ಸುಳ್ಳಾಡಿದಂತಾಗುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವಾಗ ಲಿಂಗವನ್ನು ಬಂಧುಗಳ ಕೈಗೆ ಒಪ್ಪಿಸುವುದುಂಟಲ್ಲ ಎನ್ನಬಹುದು. ದಿಟ; ಆದರೆ ಚಿಕಿತ್ಸೆ ಅನಿವಾರ್ಯ, ಆಟ ಐಚ್ಛಿಕ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕ್ಷಣಮಾತ್ರವೂ ಅಗಲಲಾರೆನೆಂಬ ನಿಷ್ಠೆಯುಳ್ಳವನು ಆಡದೆಯೂ ತಂಡದಲ್ಲಿರಬಹುದು. ಲೆಕ್ಕ ಬರೆಯಲು, ಬಲೆ ಕಟ್ಟಲು, ದಣಿದವರಿಗೆ ನೀರು ಕೊಡಲು ಜನ ಬೇಕು, ಅದೂ ದಾಸೋಹವೇ. ಆಡಲೇಬೇಕೆನ್ನುವವನು ದೀಕ್ಷೆಯಿತ್ತ ಗುರುವನ್ನು ಕೇಳಲಿ. ಗುರುವಿನ ಅಪ್ಪಣೆಯಾದರೆ ಬೆಳಗಿನ ಪೂಜೆ ಮುಗಿಸಿ ಲಿಂಗವನ್ನು ಶುಚಿಯಾದ ಸ್ಥಳದಲ್ಲಿರಿಸಿ, ಮರಳಿದೊಡನೆ ಮಿಂದು ಧರಿಸಿ, ಮತ್ತೆ ಪೂಜಿಸಲಿ.

ಆಟದ ತರುವಾಯ ಪಾನಗೃಹದಲ್ಲಿ ಕೂಡುವ ರೂಢಿಯೂ ಅಲ್ಲಿದೆ. ಹಣ್ಣಿನ ರಸ ಕುಡಿಯುವವನಿಗೂ ಅಲ್ಲಿ ಪೀಠವುಂಟು. ನಿಯಮ ಬಲ್ಲವನಿಗೆ ಭಯವಿಲ್ಲ.

ಹೆತ್ತವರಲ್ಲಿ ಒಂದು ಮಾತು. "ಆಟ ಬಿಡು" ಎಂದು ಗದರಿದರೆ ಮಗನು ಆಟ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. "ಪೂಜೆಯಾಯಿತೆ?" ಎಂದು ಕೇಳಿರಿ, ಅಷ್ಟೇ ಅಕ್ಕರೆಯಿಂದ "ಗೆದ್ದಿರಾ?" ಎಂದೂ ಕೇಳಿರಿ. ಎರಡಕ್ಕೂ ಅವನು ನಿಜವನ್ನೇ ನುಡಿಯುವಂತಿದ್ದರೆ ಆ ಮನೆಯ ಸಂಸ್ಕಾರಕ್ಕೆ ಕುಂದಿಲ್ಲ.